ಪ್ರವಾಹ ಬಾರದ ವರ್ಷ ನಿಮ್ಮ ಉದ್ಯಮ ಏನು ಮಾಡುತ್ತದೆ?

ಕಾಲೇಜುಗಳಲ್ಲಿ ಈಗ ಇಂಥ ಸ್ಪರ್ಧೆಗಳು ಜಾಸ್ತಿ ಆಗಿವೆ. ನೆರೆ, ಭೂಕುಸಿತ, ಭೂಕಂಪ, ಯಾವುದಾದರೂ ಒಂದು ವಿಕೋಪ ಆರಿಸಿಕೊಳ್ಳಿ, ಸಂತ್ರಸ್ತರಿಗೆ ನೆರವಾಗುವ ಒಂದು ಸಾಮಾಜಿಕ ಉದ್ಯಮ ಯೋಚಿಸಿ, ಹತ್ತು ಸ್ಲೈಡ್ ಮಾಡಿ, ಐದು ನಿಮಿಷದಲ್ಲಿ ಹೇಳಿ, ಗೆದ್ದರೆ ಬಹುಮಾನ. ನಾನು ಬಾಗಲಕೋಟೆ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೆಲವು ಸಲ ತಂಡಗಳ ಜೊತೆ ಓಡಾಡಿದ್ದೇನೆ, ಕೆಲವು ಸಲ ಜಡ್ಜ್ ಕುರ್ಚಿಯಲ್ಲಿ ಕೂತಿದ್ದೇನೆ. ಎರಡೂ ಕಡೆಯಿಂದ ನೋಡಿದ ಮೇಲೆ ನನಗೆ ಒಂದೇ ಒಂದು ಪ್ರಶ್ನೆ ಮುಖ್ಯ ಅನಿಸಿದೆ. ಪ್ರವಾಹ ಬಾರದ ವರ್ಷ ನಿಮ್ಮ ಉದ್ಯಮ ಏನು ಮಾಡುತ್ತದೆ? ಇದಕ್ಕೆ ಉತ್ತರ ಇದ್ದ ತಂಡಗಳ ಕೆಲಸ ಜನರ ಕೈಗೆ ತಲುಪಿದೆ. ಇಲ್ಲದ ತಂಡಗಳಿಗೆ ಸರ್ಟಿಫಿಕೇಟ್ ಸಿಕ್ಕಿದೆ, ಅಷ್ಟೆ.

ಮಕ್ಕಳ ಮನಸ್ಸಿನ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದಾಗ ನಮ್ಮ ಹಾಸ್ಟೆಲ್ ಹುಡುಗರು ಯಾರೂ ಹೇಳದೆ ಕೇಳದೆ ಗಂಜಿ ಕೇಂದ್ರಗಳಿಗೆ ಹೋಗಿ ಚಾಪೆ ಹಾಸಿದರು, ಅನ್ನ ಬಡಿಸಿದರು. ಆ ಸಲ ರಾಜ್ಯದಲ್ಲಿ 22 ಜಿಲ್ಲೆ, 103 ತಾಲ್ಲೂಕುಗಳಿಗೆ ಪೆಟ್ಟು ಬಿದ್ದಿತ್ತು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ನೀರು ನಿಂತ ಫೋಟೊ ನೀವೂ ನೋಡಿರಬಹುದು. ಅದನ್ನೆಲ್ಲ ಕಣ್ಣಾರೆ ಕಂಡ ಹುಡುಗ ಹುಡುಗಿಯರು ಮುಂದಿನ ವರ್ಷ ಸ್ಪರ್ಧೆಗೆ ಬಂದಾಗ ಏನಾದರೂ ಮಾಡಲೇಬೇಕು ಅನ್ನುವ ಹಟದಲ್ಲೇ ಬರುತ್ತಾರೆ. ಆದರೆ ಆ ಹಟ ಸ್ಲೈಡ್‌ಗೆ ಇಳಿಯುವಾಗ ಹೆಚ್ಚುಕಡಿಮೆ ಎಲ್ಲರದೂ ಒಂದೇ ಥರ ಆಗಿಬಿಡುತ್ತದೆ: ಒಂದು ಆ್ಯಪ್, ಒಂದು ಡ್ರೋನ್, ಇನ್ನೊಂದು ಆ್ಯಪ್.

ಮಲಪ್ರಭಾ ದಂಡೆಯ ಒಂದು ಹಳ್ಳಿಗೆ ನಮ್ಮ ತಂಡವೊಂದನ್ನು ಕರೆದುಕೊಂಡು ಹೋಗಿದ್ದು ಇದೇ ಕಾರಣಕ್ಕೆ. ನೀರು ಇಳಿದು ಕೆಲವು ತಿಂಗಳಾಗಿತ್ತು. ಮೇಲ್ಮುದ್ದೆ ಮನೆಗಳ, ಅಂದರೆ ಮಣ್ಣಿನ ಮಾಳಿಗೆಯ ಮನೆಗಳ, ಮಣ್ಣಿನ ಗೋಡೆಗಳು ನೀರು ಇದ್ದಾಗ ನಿಂತಿದ್ದು, ಒಣಗುವಾಗ ಬಿದ್ದಿದ್ದವು. ಹುಡುಗರ ಹತ್ತಿರ ನೆರೆಯ ಮುನ್ಸೂಚನೆ ಕೊಡುವ ಆ್ಯಪ್ ಇತ್ತು. ಅಣೆಕಟ್ಟಿನಿಂದ ನೀರು ಬಿಟ್ಟ ಕೂಡಲೇ ಫೋನಿಗೆ ಸಂದೇಶ ಬರುತ್ತದೆ, ಚೆನ್ನಾಗೇ ಮಾಡಿದ್ದರು. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹಿರಿಯ ಹೆಂಗಸಿಗೆ ತೋರಿಸಿದರು. ಆಕೆ ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟು: "ನೀರ ಬರ್ತೈತಿ ಅಂತ ನಮಗ ಗೊತ್ತಿತ್ತಪಾ ತಮ್ಮಾ, ಡಂಗುರ ಹೊಡದಿದ್ರು. ಎಷ್ಟ ಬರ್ತೈತಿ ಅಂತ ಗೊತ್ತಿರಲಿಲ್ಲ. ಗುಡಿ ಕಟ್ಟೀ ತನಕಾ ಬರ್ತೈತೋ, ನಮ್ಮ ಹೊಸ್ತಿಲ ದಾಟ್ತೈತೋ, ಅದನ್ನ ಹೇಳ್ತೈತೇನ ನಿನ್ನ ಫೋನು?"

ಹೇಳುತ್ತಿರಲಿಲ್ಲ. ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟರು ಅಂತ ಹೇಳುತ್ತಿತ್ತು. ಕ್ಯೂಸೆಕ್ ಲೆಕ್ಕ ನವಿಲುತೀರ್ಥ ಅಣೆಕಟ್ಟಿನ ಇಂಜಿನಿಯರಿಗೆ ಬೇಕು, ಈ ಅಜ್ಜಿಗೆ ಬೇಕಾದದ್ದು ಗುಡಿ ಕಟ್ಟೆಯ ಲೆಕ್ಕ. ಪ್ರವಾಹ ಮುನ್ಸೂಚನೆಯಲ್ಲಿ ಕೆಲಸ ಮಾಡುವ ವಿಜ್ಞಾನಿಗಳು ಇವತ್ತು ಒತ್ತಿ ಹೇಳುತ್ತಿರುವುದೂ ಅದನ್ನೇ: ಎಷ್ಟು ಮಳೆ, ಎಷ್ಟು ನೀರು ಅನ್ನುವುದಷ್ಟೇ ಸಾಲದು, ಅದರಿಂದ ಯಾವ ಬೀದಿಗೆ ಏನಾಗುತ್ತದೆ ಅಂತ ಹೇಳಿ ಅಂತ.

ಆಮೇಲೆ ಆಕೆಯೇ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದಳು. ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಹೊಲದ ಉತಾರ (ಪಹಣಿ), ಮಗನ ಮಾರ್ಕ್ಸ್ ಕಾರ್ಡ್, ಎಲ್ಲ ಒಂದಕ್ಕೊಂದು ಅಂಟಿ ಗಟ್ಟಿ ರೊಟ್ಟಿಯ ಹಾಗೆ ಆಗಿದ್ದವು. ಬಿಡಿಸಿದರೆ ಹರಿಯುತ್ತವೆ. ಹೊರಸಿನ ಮೇಲೆ ಬಿಸಿಲಿಗೆ ಹಾಕಿ ಒಣಗಿಸಿ ನೋಡಿದ್ದಳಂತೆ, ಶಾಯಿ ಎಲ್ಲ ಹರಡಿತ್ತು. ಆ ವರ್ಷ ಸರ್ಕಾರ ತಕ್ಷಣದ ಪರಿಹಾರ ಅಂತ ₹10,000 ಕೊಡುತ್ತಿತ್ತು, ಪೂರ್ತಿ ಬಿದ್ದ ಮನೆಗೆ ₹5 ಲಕ್ಷ. ಎಷ್ಟು ಹಾನಿ ಅಂತ ನೋಡಿ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸುತ್ತಿದ್ದರು. ಇವೆಲ್ಲಕ್ಕೂ ಕಾಗದ ಬೇಕು. ಮನೆ ಹೋದದ್ದಕ್ಕಿಂತ ಕಾಗದ ಹೋದದ್ದರಿಂದ ಆಕೆ ಹೆಚ್ಚು ಅಲೆದಿದ್ದಳು. ನಾಡಕಚೇರಿಗೊಮ್ಮೆ, ಪಂಚಾಯ್ತಿಗೊಮ್ಮೆ, ಬ್ಯಾಂಕಿಗೊಮ್ಮೆ.

ವಾಪಸ್ ಬರುವಾಗ ಟೆಂಪೊದಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಮಾರನೇ ದಿನ ತಂಡದ ಒಬ್ಬ ಹುಡುಗಿ ನನ್ನ ಟೇಬಲ್ ಹತ್ತಿರ ಬಂದು, "ಮೇಡಂ, ಆ್ಯಪ್ ಬಿಡೋಣ, ಕಾಗದ ಇಡೋಕೆ ಒಂದು ಚೀಲ ಮಾಡೋಣ" ಅಂದಳು. ನಿಜ ಹೇಳುತ್ತೇನೆ, ಅಷ್ಟು ವರ್ಷದ ಪಾಠದಲ್ಲಿ ನನಗೆ ಅಷ್ಟು ಖುಷಿ ಕೊಟ್ಟ ಮಾತು ಇನ್ನೊಂದಿಲ್ಲ.

ಚೀಲ ಅಂದರೆ ಸುಲಭ ಅನಿಸುತ್ತದೆ ಅಲ್ವಾ? ಅಲ್ಲ. ಮೊದಲು ತಾಡಪತ್ರಿ ತಂದು ಹೊಲಿಸಿದರು. ಸೂಜಿ ಚುಚ್ಚಿದ ಕಡೆಯೆಲ್ಲ ನೀರು ಜಿನುಗಿತು. ಜಿಪ್ ಹಾಕಿಸಿದರು, ಜಿಪ್ಪಿನ ಹಲ್ಲುಗಳ ನಡುವಿನಿಂದ ನೀರು ಒಳಗೆ ಹೋಯಿತು. ಊರಲ್ಲಿ ಪೆಂಡಾಲ್ ಬಟ್ಟೆ ರಿಪೇರಿ ಮಾಡುವವರೊಬ್ಬರು, ಹೊಲಿಗೆ ಯಾಕೆ ಹಾಕ್ತೀರಿ, ಅಂಚು ಕಾಯಿಸಿ ಅಂಟಿಸಿ ಅಂದರು. ತಾಡಪತ್ರಿ ಪ್ಲಾಸ್ಟಿಕ್ ತಾನೆ, ಮೇಲೆ ಪೇಪರ್ ಇಟ್ಟು ಇಸ್ತ್ರಿ ಪೆಟ್ಟಿಗೆ ಎಳೆದರೆ ಅಂಚು ಒಂದಾಗುತ್ತದೆ. ಎಷ್ಟು ಬಿಸಿ, ಎಷ್ಟು ಹೊತ್ತು ಅಂತ ಹದ ಹಿಡಿಯುವಷ್ಟರಲ್ಲಿ ಹಾಸ್ಟೆಲ್‌ನ ಒಂದು ಇಸ್ತ್ರಿ ಪೆಟ್ಟಿಗೆ ಹಾಳಾಯಿತು. ಬಾಯಿಗೆ ಜಿಪ್ ಬಿಟ್ಟು, ಮೂರು ಸುತ್ತು ಮಡಚಿ ಬಕಲ್ ಹಾಕುವ ಹಾಗೆ ಮಾಡಿದರು, ದೋಣಿಯಲ್ಲಿ ಹೋಗುವವರು ಬಳಸುವ ಬ್ಯಾಗಿನ ಥರ. ಒಳಗೆ ನ್ಯೂಸ್ ಪೇಪರ್ ಇಟ್ಟು ರಾತ್ರಿಯಿಡೀ ಬಕೆಟ್‌ನಲ್ಲಿ ಮುಳುಗಿಸಿ ಇಟ್ಟರು. ಬೆಳಿಗ್ಗೆ ಪೇಪರ್ ಗರಿಗರಿಯಾಗಿತ್ತು.

ಆಗ ನಾನು ನನ್ನ ಪ್ರಶ್ನೆ ಕೇಳಿದೆ. ಪ್ರವಾಹ ಬಾರದ ವರ್ಷ ಇದನ್ನು ಯಾರು ಕೊಳ್ಳುತ್ತಾರೆ? ಅವರು ಸುಮ್ನೆ ಕೂರಲಿಲ್ಲ. ಲಾರಿ ಚಾಲಕರನ್ನು ಕೇಳಿದರು. ಆರ್‌ಸಿ, ಪರ್ಮಿಟ್, ಇನ್ಶೂರೆನ್ಸ್ ಎಲ್ಲ ಜೊತೆಗೇ ಇಟ್ಟುಕೊಂಡು ತಿರುಗುವವರು ಅವರು. ಮುಧೋಳದ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರನ್ನು ಕೇಳಿದರು. ಗೊಬ್ಬರದ ಅಂಗಡಿಯವರನ್ನು ಕೇಳಿದರು. ದುಡ್ಡು ಕೊಟ್ಟು ತಗೊಳ್ಳುತ್ತೇವೆ ಅಂದವರು ಸಿಕ್ಕರು. ಅವರಿಗೆ ಮಾರಿದ ಲಾಭದಲ್ಲಿ ನದಿ ದಂಡೆಯ ಮನೆಗಳಿಗೆ ಕಡಿಮೆ ಬೆಲೆಗೆ ಕೊಡುವುದು, ಮಾಡುವ ಕೆಲಸ ಮಹಿಳಾ ಸ್ವಸಹಾಯ ಸಂಘಕ್ಕೆ ಕೊಡುವುದು, ಇದು ಅವರ ಯೋಜನೆ. ಸ್ಪರ್ಧೆಯಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಹೊಸತನ ಸಾಲದು ಅಂದರು ಜಡ್ಜ್‌ಗಳು. ಆ ಸಲ ಗೆದ್ದದ್ದು ಒಂದು ಡ್ರೋನ್. ಮಳೆ ಗಾಳಿಯಲ್ಲಿ ಅದು ಹಾರುತ್ತದಾ ಅಂತ ಯಾರೂ ಕೇಳಲಿಲ್ಲ. ನನಗೆ ಇವತ್ತಿಗೂ ಅದರ ಬಗ್ಗೆ ಸಿಟ್ಟಿದೆ.

ಸರಳವಾದ ವಸ್ತು ದೂರ ಹೋಗುವುದಿಲ್ಲ ಅನ್ನುವವರಿಗೆ ನಾನು ಹೇಳುವುದು ಲುಮಿನ್‌ಏಡ್ ಅನ್ನುವ ಸೋಲಾರ್ ದೀಪದ ಕಥೆ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪ ಆಯಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದ ಆಂಡ್ರಿಯಾ ಸ್ರೆಷ್ಟಾ, ಆನಾ ಸ್ಟಾರ್ಕ್ ಅನ್ನುವ ಇಬ್ಬರಿಗೆ ಕ್ಲಾಸಿನಲ್ಲಿ ಹೈಟಿಗೆ ನೆರವಾಗುವ ಏನಾದರೂ ವಿನ್ಯಾಸ ಮಾಡಿ ಅಂತ ಕೆಲಸ ಕೊಟ್ಟಿದ್ದರು. ಎಲ್ಲರ ತಲೆಯೂ ಟೆಂಟ್, ನೀರು, ಊಟದ ಕಡೆ ಓಡಿತು. ಇವರಿಬ್ಬರು ಬೆಳಕಿನ ಬಗ್ಗೆ ಯೋಚಿಸಿದರು. ಕತ್ತಲಾದ ಮೇಲೆ ಟೆಂಟು ಶಿಬಿರಗಳಲ್ಲಿ ಹೆಂಗಸರು, ಮಕ್ಕಳು ಓಡಾಡಲು ಹೆದರುತ್ತಾರೆ. ಸೀಮೆಎಣ್ಣೆ ದೀಪ ಹಚ್ಚಿದರೆ ಬೆಂಕಿಯ ಭಯ, ಹೊಗೆ. ಅವರು ಮಾಡಿದ್ದು ಊದಿದರೆ ದಿಂಬಿನಂತೆ ಉಬ್ಬುವ, ನೀರಿನಲ್ಲಿ ತೇಲುವ ಸೋಲಾರ್ ದೀಪ. ಗಾಳಿ ತೆಗೆದರೆ ಚಪ್ಪಟೆ. ಮಾಮೂಲಿ ಟಾರ್ಚ್ ಎಂಟು ಹಿಡಿಯುವ ಜಾಗದಲ್ಲಿ ಇವು ಐವತ್ತು ಹಿಡಿಯುತ್ತವೆ ಅಂತ ಅವರು ಹೇಳುತ್ತಿದ್ದರು. ವಿಕೋಪದ ಊರಿಗೆ ವಿಮಾನದಲ್ಲಿ ಸಾಮಾನು ಕಳಿಸುವವರಿಗೆ ಜಾಗವೇ ದುಡ್ಡು. ಇಡೀ ವಿನ್ಯಾಸದ ಜಾಣತನ ಆ ಚಪ್ಪಟೆತನದಲ್ಲಿದೆ.

ಅದಕ್ಕಿಂತ ದೊಡ್ಡ ಜಾಣತನ ಅವರು ಮಾರಿದ ರೀತಿಯಲ್ಲಿದೆ. 2011ರಲ್ಲಿ ಇಂಡಿಗೋಗೋ ಅನ್ನುವ ಜಾಲತಾಣದಲ್ಲಿ ಜನರಿಂದ ಹಣ ಎತ್ತಿದರು: ನೀವು ಒಂದು ಕೊಳ್ಳಿ, ಇನ್ನೊಂದು ಕಷ್ಟದಲ್ಲಿರುವವರಿಗೆ ಹೋಗುತ್ತದೆ. ಕೊಂಡವರು ಯಾರು? ಬೆಟ್ಟ ಹತ್ತುವವರು, ಕ್ಯಾಂಪಿಂಗ್ ಹೋಗುವವರು, ಮನೆಯಲ್ಲಿ ಕರೆಂಟ್ ಹೋದರೆ ಇರಲಿ ಅಂತ ಇಟ್ಟುಕೊಳ್ಳುವವರು. ಅಂದರೆ ಭೂಕಂಪ ಆಗದ ವರ್ಷವೂ ಆ ಕಂಪನಿ ನಡೆಯುತ್ತದೆ, ಕಾರ್ಖಾನೆ ಓಡುತ್ತದೆ, ಗೋಡೌನಿನಲ್ಲಿ ದೀಪ ಇರುತ್ತದೆ. 2013ರಲ್ಲಿ ಫಿಲಿಪ್ಪೀನ್ಸ್‌ಗೆ ಹೈಯಾನ್ ಚಂಡಮಾರುತ ಬಡಿದಾಗ, 2015ರಲ್ಲಿ ನೇಪಾಳ ನಡುಗಿದಾಗ ಕಳಿಸಲು ಅವರ ಹತ್ತಿರ ದೀಪ ಇತ್ತು. ವಿಕೋಪ ಆದ ಮೇಲೆ ಮಾಡಲು ಶುರು ಮಾಡಿದ್ದರೆ ಒಂದು ದೀಪವೂ ಸಮಯಕ್ಕೆ ಹೋಗುತ್ತಿರಲಿಲ್ಲ. 2015ರಲ್ಲೇ ಅಮೆರಿಕದ ಟಿವಿ ಕಾರ್ಯಕ್ರಮ ಶಾರ್ಕ್ ಟ್ಯಾಂಕ್‌ನಲ್ಲಿ ಹೂಡಿಕೆದಾರ ಮಾರ್ಕ್ ಕ್ಯೂಬನ್ ಇವರ ಕಂಪನಿಯ ಜೊತೆ ಕೈಜೋಡಿಸಿದರು.

ಈಗ ತಂತ್ರಜ್ಞಾನದ ಕಡೆಯ ಒಂದು ಉದಾಹರಣೆ. ನಾನು ತಂತ್ರಜ್ಞಾನದ ವಿರೋಧಿ ಅಂತ ಯಾರೂ ತಿಳಿಯಬಾರದು. 2018ರಲ್ಲಿ ಐಬಿಎಂ ಬೆಂಬಲದಲ್ಲಿ ಕಾಲ್ ಫಾರ್ ಕೋಡ್ ಅನ್ನುವ ಜಾಗತಿಕ ಸ್ಪರ್ಧೆ ಶುರುವಾಯಿತು. ವಿದ್ಯಾರ್ಥಿಗಳಿಗೆ ಮಾತ್ರ ಅಲ್ಲ, ಆದರೆ ಅವರಿಗೂ ಬಾಗಿಲು ತೆರೆದಿತ್ತು. ಮೊದಲ ವರ್ಷದ ವಿಷಯವೇ ನೈಸರ್ಗಿಕ ವಿಕೋಪ. 2,500ಕ್ಕೂ ಹೆಚ್ಚು ಯೋಜನೆಗಳು ಬಂದವು. ಗೆದ್ದದ್ದು ಪ್ರಾಜೆಕ್ಟ್ ಔಲ್, ಐದು ಜನರ ತಂಡ, ಬಹುಮಾನ 2 ಲಕ್ಷ ಡಾಲರ್. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪದ ಬಹುಪಾಲು ಮೊಬೈಲ್ ಟವರ್‌ಗಳನ್ನು ಮಲಗಿಸಿತ್ತು, ವಾರಗಟ್ಟಲೆ ಯಾರು ಎಲ್ಲಿದ್ದಾರೆ ಅಂತ ಗೊತ್ತಾಗಿರಲಿಲ್ಲ. ಇವರು ಮಾಡಿದ್ದು ಚಿಕ್ಕ ಚಿಕ್ಕ ರೇಡಿಯೊ ಪೆಟ್ಟಿಗೆಗಳು, ಅವಕ್ಕೆ ಬಾತುಕೋಳಿ ಅಂತಲೇ ಹೆಸರು. ನೆಟ್‌ವರ್ಕ್ ಇಲ್ಲದಿದ್ದರೂ ನಿಮ್ಮ ಫೋನಿನ ವೈಫೈಗೆ ಅದು ಕಾಣಿಸುತ್ತದೆ. ಹೆಸರು, ಎಲ್ಲಿದ್ದೀರಿ, ಏನು ಬೇಕು ಅಂತ ತುಂಬಿದರೆ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೊರಗಿನವರಿಗೆ ತಲುಪುತ್ತದೆ. ಲೋರಾ ಅನ್ನುವ ರೇಡಿಯೊ ವಿಧಾನ ಅದು. ತುಂಬಾ ಕಡಿಮೆ ವಿದ್ಯುತ್ತಿನಲ್ಲಿ ದೂರ ಹೋಗುತ್ತದೆ, ಆದರೆ ಚುಟುಕು ಸಂದೇಶ ಮಾತ್ರ ಒಯ್ಯುತ್ತದೆ.

ನನಗೆ ಇಷ್ಟವಾದದ್ದು ಗೆದ್ದದ್ದಲ್ಲ, ಗೆದ್ದ ಮೇಲೆ ನಡೆದದ್ದು. ಐಬಿಎಂ ತಂಡದ ಜೊತೆ ತನ್ನ ಇಂಜಿನಿಯರುಗಳನ್ನು ಕಳಿಸಿತು. 2019ರಲ್ಲಿ ಪೋರ್ಟೊ ರಿಕೊಗೇ ಹೋಗಿ ಪೆಟ್ಟಿಗೆಗಳನ್ನು ಅಲ್ಲೇ ಇಟ್ಟು ಪರೀಕ್ಷೆ ಮಾಡಿದರು. 2020ರಲ್ಲಿ ಅದರ ಸಾಫ್ಟ್‌ವೇರ್ ಲಿನಕ್ಸ್ ಫೌಂಡೇಶನ್ ಮೂಲಕ ಎಲ್ಲರಿಗೂ ಮುಕ್ತವಾಯಿತು. ಅಂದರೆ ಇವತ್ತು ಕೊಡಗಿನ ಒಬ್ಬ ಹುಡುಗ ಅದನ್ನು ಡೌನ್‌ಲೋಡ್ ಮಾಡಿ, 2018ರ ಭೂಕುಸಿತದಲ್ಲಿ ಹೊರಜಗತ್ತಿನ ಸಂಪರ್ಕ ಕಡಿದುಹೋಗಿದ್ದ ಮುಕ್ಕೋಡ್ಲು, ಕಾಲೂರು ಕಡೆಯ ಬೆಟ್ಟಗಳಲ್ಲಿ ಪ್ರಯೋಗ ಮಾಡಬಹುದು. ನಮ್ಮ ತಂಡಗಳು ಪ್ರತಿ ವರ್ಷ ಮೊದಲಿನಿಂದ ಅದನ್ನೇ ಹೊಸದಾಗಿ ಕಂಡುಹಿಡಿಯುವ ಬದಲು ಅಲ್ಲಿಂದ ಮುಂದಕ್ಕೆ ಹೋಗಬಹುದು. ಇದನ್ನು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ.

ಇನ್ನೊಂದು ಚಿಕ್ಕ ಉದಾಹರಣೆ, ಕಣ್ಣಿಟ್ಟು ನೋಡುವುದು ಅಂದರೇನು ಅನ್ನುವುದಕ್ಕೆ. 2023ರ ಫೆಬ್ರವರಿಯಲ್ಲಿ ಟರ್ಕಿ ಮತ್ತು ಸಿರಿಯಾದಲ್ಲಿ ಭೂಕಂಪ ಆದಾಗ ದಕ್ಷಿಣ ಕೊರಿಯಾದ ಹೊಂಗಿಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸುದ್ದಿಯಲ್ಲಿ ಒಂದು ವಿಷಯ ಗಮನಿಸಿದರು. ಗಾಯಾಳುವಿಗೆ ಡ್ರಿಪ್ ಹಾಕಿದಾಗ ಒಬ್ಬ ರಕ್ಷಣಾ ಸಿಬ್ಬಂದಿ ಬಾಟಲಿಯನ್ನು ಎತ್ತರದಲ್ಲಿ ಹಿಡಿದುಕೊಂಡೇ ಅವಶೇಷಗಳ ಮೇಲೆ ನಡೆಯಬೇಕು. ಒಂದು ಜೊತೆ ಕೈ ಅದಕ್ಕೇ ಹೋಯಿತು. ಎತ್ತರದಲ್ಲಿ ಹಿಡಿಯದೆ, ರಬ್ಬರಿನ ಎಳೆತ ಮತ್ತು ಗಾಳಿಯ ಒತ್ತಡದಿಂದಲೇ ಔಷಧಿ ಹರಿಯುವ ಗೋಲ್ಡನ್ ಕ್ಯಾಪ್ಸೂಲ್ ಅನ್ನುವ ಸಾಧನ ಮಾಡಿದರು. ದೇಹಕ್ಕೆ ಕಟ್ಟಿದರೆ ಆಯಿತು. ಅದೇ ವರ್ಷ ವಿದ್ಯಾರ್ಥಿ ವಿನ್ಯಾಸಕಾರರಿಗೆ ಕೊಡುವ ಜೇಮ್ಸ್ ಡೈಸನ್ ಪ್ರಶಸ್ತಿಯಲ್ಲಿ ಗೆದ್ದರು. ಆ ಸುದ್ದಿ ನೋಡಿದವರು ಕೋಟಿಗಟ್ಟಲೆ ಜನ, ಆ ಕೈ ಕಂಡದ್ದು ಇವರಿಗೆ.

ನಮ್ಮ ಪಕ್ಕದ ಕೇರಳದ ಚೇಕುಟ್ಟಿ ಗೊಂಬೆಯ ವಿಷಯ ಗೊತ್ತಿಲ್ಲದವರಿಗೆ ಹೇಳಲೇಬೇಕು. 2018ರ ಆಗಸ್ಟ್ ಪ್ರವಾಹದಲ್ಲಿ ಎರ್ನಾಕುಳಂ ಜಿಲ್ಲೆಯ ಚೇಂದಮಂಗಲಂ ಕೈಮಗ್ಗದ ಊರು ಮುಳುಗಿತು. ಓಣಂ ಹಬ್ಬಕ್ಕೆ ಅಂತ ನೇಯ್ದು ಇಟ್ಟಿದ್ದ ಸೀರೆ, ಮುಂಡು ಎಲ್ಲ ಕೆಸರಿನಲ್ಲಿ. ವರ್ಷದ ಗಳಿಕೆಯ ದೊಡ್ಡ ಪಾಲು ಹಬ್ಬದ ವ್ಯಾಪಾರದಿಂದಲೇ ಬರಬೇಕಿತ್ತು. ಕೆಸರಿನ ಕಲೆ ಬಿದ್ದ ಬಿಳಿ ಸೀರೆ ಯಾರು ಕೊಳ್ಳುತ್ತಾರೆ? ಸುಡುವುದೊಂದೇ ದಾರಿ ಅನ್ನುವ ಹಂತಕ್ಕೆ ಬಂದಿದ್ದರು. ಲಕ್ಷ್ಮಿ ಮೆನನ್ ಮತ್ತು ಗೋಪಿನಾಥ್ ಪಾರಯಿಲ್ ಅನ್ನುವ ಇಬ್ಬರು ಸಾಮಾಜಿಕ ಉದ್ಯಮಿಗಳು ಆ ಬಟ್ಟೆ ತಗೊಂಡು ಶುಚಿ ಮಾಡಿಸಿ ಪುಟ್ಟ ಗೊಂಬೆ ಮಾಡುವ ಯೋಚನೆ ಕೊಟ್ಟರು. ಒಂದು ಸೀರೆಗೆ ಸುಮಾರು 360 ಗೊಂಬೆ, ಒಂದಕ್ಕೆ ₹25. ಅಂದರೆ ಒಂದು ಹಾಳಾದ ಸೀರೆಯಿಂದ ₹9,000. ಹಾಳಾಗದೆ ಅಂಗಡಿಯಲ್ಲಿ ಮಾರಿದ್ದರೆ ಅದರಲ್ಲಿ ಕಾಲು ಭಾಗವೂ ಬರುತ್ತಿರಲಿಲ್ಲ. ಗೊಂಬೆ ಮಾಡಲು ಹೊಲಿಗೆ ಯಂತ್ರ ಬೇಡ, ಗಂಟು ಹಾಕಿದರೆ ಆಯಿತು, ಹಾಗಾಗಿ ಶಾಲೆ ಕಾಲೇಜುಗಳ ಮಕ್ಕಳು ಗುಂಪುಗುಂಪಾಗಿ ಕೂತು ಮಾಡಿದರು. ದುಡ್ಡು ನೇಕಾರರ ಸಂಘಕ್ಕೆ. ಗೊಂಬೆಯ ಬಟ್ಟೆ ಮೇಲಿನ ಕಲೆಯನ್ನು ಮುಚ್ಚಿಡಲಿಲ್ಲ, ಅದನ್ನೇ ತೋರಿಸಿ ಮಾರಿದರು.

ನಾನು ಇದನ್ನು ಕ್ಲಾಸಿನಲ್ಲಿ ಹೇಳುವಾಗ ರಾಮದುರ್ಗ, ರಬಕವಿ-ಬನಹಟ್ಟಿ, ಇಳಕಲ್ಲು, ಗುಳೇದಗುಡ್ಡ ಎಲ್ಲರ ಬಾಯಲ್ಲೂ ಬರುತ್ತದೆ. ನಮ್ಮ ಸುತ್ತಮುತ್ತ ಇಷ್ಟು ಮಗ್ಗಗಳಿವೆ. ಕುಣಿಮಗ್ಗ ಅಂದರೆ ನೆಲದಲ್ಲೇ ಗುಂಡಿ ತೋಡಿ ಕೂರಿಸಿದ್ದು, ಮನೆಗೆ ಮೊಳಕಾಲು ನೀರು ಬಂದರೂ ಮೊದಲು ತುಂಬುವುದು ಆ ಗುಂಡಿ. ನೀರು ಹೋದ ಮೇಲೂ ವಾರಗಟ್ಟಲೆ ನೆಲ ಒಣಗುವುದಿಲ್ಲ, ನೇಯುವಂತಿಲ್ಲ. ಆ ದಿನಗಳ ಕೂಲಿ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಇದನ್ನು ಹಿಡಿದು ಒಂದು ತಂಡವಾದರೂ ಬರಲಿ ಅಂತ ಕಾಯುತ್ತಿದ್ದೇನೆ.

ಈಗ ಸ್ಪರ್ಧೆ ನಡೆಸುವವರ ಕಡೆ ಬರುತ್ತೇನೆ, ಯಾಕೆಂದರೆ ನಿಜವಾದ ತೊಡಕು ಅಲ್ಲಿದೆ. ಕ್ಯಾಲೆಂಡರ್ ನೋಡಿ. ಕಾಲೇಜು ಫೆಸ್ಟ್‌ಗಳು ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಅಂತಿಮ ವರ್ಷದವರು ಜೂನ್ ಹೊತ್ತಿಗೆ ಓದು ಮುಗಿಸಿ ಬೆಂಗಳೂರು, ಪುಣೆ ಅಂತ ಕೆಲಸಕ್ಕೆ ಹೋಗುತ್ತಾರೆ. ನಮ್ಮ ನದಿಗಳು ಉಕ್ಕುವುದು ಜುಲೈ ಕೊನೆಯಿಂದ ಆಗಸ್ಟ್‌ಗೆ. ಅಂದರೆ ಗೆದ್ದ ತಂಡ ಇರುವಾಗ ನೆರೆ ಇಲ್ಲ, ನೆರೆ ಬಂದಾಗ ತಂಡ ಇಲ್ಲ. ಇದನ್ನು ಸರಿ ಮಾಡಲು ದೊಡ್ಡ ದುಡ್ಡೇನೂ ಬೇಡ. ತಂಡದಲ್ಲಿ ಎರಡನೇ ವರ್ಷದವರು ಇಬ್ಬರಾದರೂ ಇರಬೇಕು ಅಂತ ನಿಯಮ ಮಾಡಿ. ಗೆದ್ದವರು ಒಂದು ಮಳೆಗಾಲ ಕೆಲಸ ಮಾಡಿ ತೋರಿಸಿದ ಮೇಲೆ ಅಂತಿಮ ಬಹುಮಾನ ಕೊಡಿ. 2019ರಲ್ಲಿ ಮನೆ ಕಳಕೊಂಡವರಿಗೆ ಸರ್ಕಾರ ₹5 ಲಕ್ಷವನ್ನು ಒಟ್ಟಿಗೆ ಕೊಡಲಿಲ್ಲ. ಅಡಿಪಾಯ ಆದಾಗ, ಗೋಡೆ ಎದ್ದಾಗ, ಛಾವಣಿ ಹಾಕಿದಾಗ, ಜಿಪಿಎಸ್ ಫೋಟೊ ನೋಡಿ ಕಂತಿನಲ್ಲಿ ಕೊಟ್ಟಿತು. ಸೂರಿಲ್ಲದ ಬಡವರಿಂದ ಅಷ್ಟು ಲೆಕ್ಕ ಕೇಳುವ ನಾವು ಬಹುಮಾನದ ಚೆಕ್ ಮಾತ್ರ ವೇದಿಕೆ ಮೇಲೆ ಪೂರ್ತಿ ಕೊಟ್ಟುಬಿಡುತ್ತೇವೆ, ಆಮೇಲೆ ಏನಾಯಿತು ಅಂತ ಒಂದು ಫೋನೂ ಮಾಡುವುದಿಲ್ಲ.

ಜಡ್ಜ್‌ಗಳ ಸಾಲಿನಲ್ಲಿ ಯಾರಿರುತ್ತಾರೆ ಅನ್ನುವುದೂ ಮುಖ್ಯ. ಪ್ರಾಂಶುಪಾಲರು, ಒಬ್ಬ ಉದ್ಯಮಿ, ಒಬ್ಬ ಬ್ಯಾಂಕ್ ಮ್ಯಾನೇಜರ್. ನೆರೆ ಕಂಡವರು ಒಬ್ಬರೂ ಇರುವುದಿಲ್ಲ. 2009ರ ಅಕ್ಟೋಬರ್ ನೆರೆಯ ನಂತರ ಆಸರೆ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಹೊಸ ಊರುಗಳನ್ನೇ ಕಟ್ಟಿದರು. ಒಳ್ಳೆ ಮನಸ್ಸಿನ ದಾನಿಗಳು ಮುಂದೆ ಬಂದರು. ಆದರೂ ಹಲವು ಕಡೆ ಮನೆಗಳು ಖಾಲಿ ಬಿದ್ದವು, ಜನ ನದಿ ದಂಡೆಯ ಹಳೇ ಮನೆಗೇ ವಾಪಸ್ ಹೋದರು. ದನ ಕಟ್ಟಲು ಜಾಗ ಇಲ್ಲ, ಹೊಲ ದೂರ, ನಾಲ್ಕು ಮಕ್ಕಳ ಕುಟುಂಬಕ್ಕೆ ಒಂದು ಕೋಣೆ. ಕಟ್ಟುವ ಮುಂಚೆ ಯಾರಾದರೂ ಕೂತು ಕೇಳಿದ್ದರೆ ಎಲ್ಲರೂ ಹೇಳುತ್ತಿದ್ದ ಮಾತು ಇದು. ಕೊಣ್ಣೂರಿನಿಂದ, ಹೊಳೆಆಲೂರಿನಿಂದ ಒಬ್ಬ ರೈತ, ಒಬ್ಬ ಆಶಾ ಕಾರ್ಯಕರ್ತೆ, ಗಂಜಿ ಕೇಂದ್ರ ನಡೆಸಿದ ಒಬ್ಬ ಶಾಲಾ ಮೇಷ್ಟ್ರು ಬಂದು ಕೂತರೆ ಐದು ನಿಮಿಷದ ಪಿಚ್‌ಗೆ ಆಗ ಬೇರೆಯೇ ಪ್ರಶ್ನೆಗಳು ಬರುತ್ತವೆ. ಅವರಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ ಕೊಡಿ. ಹೂಗುಚ್ಛ, ನೆನಪಿನ ಕಾಣಿಕೆಗೆ ಹಾಕುವ ದುಡ್ಡು ಸಾಕು.

ಕೊಳ್ಳುವವರ ವಿಷಯಕ್ಕೂ ಯಾರೂ ತಂಡಗಳನ್ನು ತಯಾರು ಮಾಡುವುದಿಲ್ಲ. ಸ್ಲೈಡ್‌ನಲ್ಲಿ ಗ್ರಾಹಕರು ಅಂದ ಕಡೆ ಎಲ್ಲರೂ 'ಸರ್ಕಾರ' ಅಂತ ಬರೆಯುತ್ತಾರೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿ ಅಧ್ಯಕ್ಷರು. ಸರಿ, ಆದರೆ ಅಲ್ಲಿ ಖರೀದಿ ಅಂದರೆ ಟೆಂಡರ್, ಟೆಂಡರ್ ಅಂದರೆ ಸಾಮಾನ್ಯವಾಗಿ ಹಿಂದಿನ ವರ್ಷಗಳ ವಹಿವಾಟು ತೋರಿಸಬೇಕು. ನಿನ್ನೆ ಹುಟ್ಟಿದ ವಿದ್ಯಾರ್ಥಿ ಸಂಸ್ಥೆ ಎಲ್ಲಿಂದ ತೋರಿಸುತ್ತದೆ? ಅದಕ್ಕೇ ನಾನು ಹೇಳುವುದು, ಮೊದಲು ಗ್ರಾಮ ಪಂಚಾಯ್ತಿ, ಸಂಜೀವಿನಿ ಒಕ್ಕೂಟ (ಮಹಿಳಾ ಸ್ವಸಹಾಯ ಸಂಘಗಳದ್ದು), ಹಾಲಿನ ಡೇರಿ, ರೈತ ಉತ್ಪಾದಕರ ಸಂಘ ಇವರ ಹತ್ತಿರ ಹೋಗಿ. ಐವತ್ತು ಜನ ದುಡ್ಡು ಕೊಟ್ಟು ಕೊಂಡರೆ ಅದು ನೂರು ಸ್ಲೈಡ್‌ಗಿಂತ ದೊಡ್ಡ ಸಾಕ್ಷಿ. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಫೌಂಡೇಶನ್‌ನವರ ಲೀಡ್ ಕಾರ್ಯಕ್ರಮದಲ್ಲಿ ಕಾಲೇಜು ಮಕ್ಕಳಿಗೆ ಚಿಕ್ಕ ಮೊತ್ತ ಕೊಟ್ಟು ಚಿಕ್ಕ ಕೆಲಸ ಮಾಡಿಸುತ್ತಾರೆ. ಆ ದಾರಿ ನನಗೆ ಹಿಡಿಸುತ್ತದೆ. ಹಲ್ಟ್ ಪ್ರೈಜ್ ಅನ್ನುವ ಜಾಗತಿಕ ವಿದ್ಯಾರ್ಥಿ ಸ್ಪರ್ಧೆಯ ಹತ್ತು ಲಕ್ಷ ಡಾಲರ್ ಕನಸು ಕಾಣಲಿ, ಬೇಡ ಅನ್ನುವುದಿಲ್ಲ, ಆದರೆ ನಮ್ಮ ಬಹುಪಾಲು ಮಕ್ಕಳಿಗೆ ಮೊದಲು ಬೇಕಾದದ್ದು ತಾಡಪತ್ರಿ ಕೊಳ್ಳುವ ದುಡ್ಡು.

ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆ ನಡೆಸುವ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಸ್ಪರ್ಧೆಯ ಬಗ್ಗೆ ಕೇಳುತ್ತಾರೆ. 2017ರಿಂದ ನಡೆಯುತ್ತಿದೆ, ವಿಪತ್ತು ನಿರ್ವಹಣೆ ಅದರ ವಿಷಯಗಳಲ್ಲಿ ಒಂದು, 36 ಗಂಟೆ ಎಡೆಬಿಡದೆ ಕೋಡ್ ಬರೆಯುತ್ತಾರೆ. ಅದರಲ್ಲಿ ನನಗೆ ಒಳ್ಳೆಯದು ಅನಿಸುವುದು ಸಮಸ್ಯೆಗಳನ್ನು ಇಲಾಖೆಗಳೇ ಕೊಡುತ್ತವೆ ಅನ್ನುವುದು. ಬೇಕು ಅಂದವರು ಒಬ್ಬರು ಇದ್ದಾರೆ. ಆದರೆ 36 ಗಂಟೆಯಲ್ಲಿ ಆಗುವುದು ಶುರು ಮಾತ್ರ. 2018ರ ಕೇರಳ ಪ್ರವಾಹದಲ್ಲಿ ಕೇರಳ ರೆಸ್ಕ್ಯೂ ಜಾಲತಾಣವನ್ನೂ ಸ್ವಯಂಸೇವಕರು ಗಂಟೆಗಳ ಲೆಕ್ಕದಲ್ಲೇ ಎಬ್ಬಿಸಿದರು, ವಿದ್ಯಾರ್ಥಿಗಳೂ ಇದ್ದರು. ಅದು ಉಳಿದು ಕೆಲಸಕ್ಕೆ ಬಂದದ್ದು ಯಾಕೆ ಅಂದರೆ ರಾಜ್ಯದ ಐಟಿ ಮಿಷನ್ ಅದನ್ನು ತನ್ನದು ಅಂತ ಒಪ್ಪಿಕೊಂಡಿತು, ಬಂದ ಕೋರಿಕೆಗಳಿಗೆ ಓಗೊಡುವವರು ಇನ್ನೊಂದು ತುದಿಯಲ್ಲಿ ಇದ್ದರು. ನಮ್ಮ ಹುಡುಗರ ಎಷ್ಟೋ ಒಳ್ಳೆ ಆ್ಯಪ್‌ಗಳಿಗೆ ಆ ಇನ್ನೊಂದು ತುದಿಯೇ ಇರುವುದಿಲ್ಲ.

ಉದ್ಯಮ ಅಂದರೆ ವಸ್ತುವೇ ಆಗಬೇಕಿಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2010ರ ಸೆಪ್ಟೆಂಬರ್ ಭೂಕಂಪದ ನಂತರ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸ್ಯಾಮ್ ಜಾನ್ಸನ್ ನೆರವಿಗೆ ಬನ್ನಿ ಅಂತ ಫೇಸ್‌ಬುಕ್‌ನಲ್ಲಿ ಒಂದು ಕರೆ ಕೊಟ್ಟ. 2011ರ ಫೆಬ್ರವರಿಯಲ್ಲಿ ಮತ್ತೆ ಭೂಮಿ ನಡುಗಿ 185 ಜನ ಸತ್ತಾಗ ಸಾವಿರಾರು ವಿದ್ಯಾರ್ಥಿಗಳು ಸಲಿಕೆ ಹಿಡಿದು ಬೀದಿಗಿಳಿದರು. ನೆಲದಿಂದ ಉಕ್ಕಿ ಮನೆಗಳಿಗೆ ನುಗ್ಗಿದ್ದ ಕೆಸರು ಮರಳನ್ನು ಎತ್ತಿ ಹಾಕಿದರು. ಅದು ಅಲ್ಲಿಗೇ ಮುಗಿಯಲಿಲ್ಲ. ಸ್ಟೂಡೆಂಟ್ ವಾಲಂಟಿಯರ್ ಆರ್ಮಿ ಅನ್ನುವ ಆ ಸಂಘಟನೆ ಇಂದಿಗೂ ಇದೆ, ಭೂಕಂಪ ಇಲ್ಲದ ದಿನಗಳಲ್ಲಿ ವೃದ್ಧರ ತೋಟ ಸ್ವಚ್ಛ ಮಾಡುವಂಥ ಚಿಕ್ಕ ಕೆಲಸಗಳನ್ನು ಮಾಡುತ್ತದೆ, ಶಾಲಾ ಮಕ್ಕಳಿಗೂ ಕಾರ್ಯಕ್ರಮ ನಡೆಸುತ್ತದೆ. ವಿಕೋಪ ಬಂದ ದಿನ ಕರೆದರೆ ಬರುವ ಜನ ಸಿದ್ಧ ಇರುತ್ತಾರೆ. ನಮ್ಮಲ್ಲಿ ಬಹುಪಾಲು ಕಾಲೇಜುಗಳಲ್ಲಿ ಎನ್ಎಸ್ಎಸ್ ಇದೆ. ಮನಸ್ಸು ಮಾಡಿದರೆ ಇದು ನಮಗೂ ಸಾಧ್ಯ.

ಚೀಲದ ತಂಡದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಬಹುಮಾನ ಇಲ್ಲದಿದ್ದರೂ ಅವರು ನಿಲ್ಲಿಸಲಿಲ್ಲ. ಇಬ್ಬರು ಕೆಲಸಕ್ಕೆ ಹೋದರು, ಸಂಬಳದಲ್ಲಿ ಸ್ವಲ್ಪ ಕಳಿಸುತ್ತಾರೆ. ಆ ಹುಡುಗಿ ಊರಲ್ಲೇ ಉಳಿದಿದ್ದಾಳೆ, ಸ್ವಸಹಾಯ ಸಂಘದ ಹೆಂಗಸರಿಗೆ ಅಂಚು ಕಾಯಿಸುವ ಹದ ಕಲಿಸಿದ್ದಾಳೆ. ಈಗ ಅವಳ ತೊಂದರೆ ಬಕಲ್. ಇಲ್ಲಿ ಸಿಗುವುದು ಬೇಗ ಮುರಿಯುತ್ತದೆ, ಚೆನ್ನಾಗಿರುವುದು ಚಿಲ್ಲರೆಯಲ್ಲಿ ದುಬಾರಿ. ಬ್ಯಾಗ್ ತಯಾರಿಕೆಯಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಸಗಟು ದರದಲ್ಲಿ ಎಲ್ಲಿ ಸಿಗುತ್ತದೆ ಅಂತ ದಯವಿಟ್ಟು ತಿಳಿಸಿ. ಮತ್ತೆ ಈ ವರ್ಷ ಇಂಥ ಸ್ಪರ್ಧೆ ನಡೆಸುವ ಯೋಚನೆ ಇರುವ ಕಾಲೇಜಿನವರು ಹೇಳಿ, ದಿನಾಂಕ ಗೊತ್ತು ಮಾಡುವ ಮೊದಲೇ ಹೇಳಿ. ನದಿ ದಂಡೆಯ ಊರುಗಳಿಗೆ ನಿಮ್ಮ ತಂಡಗಳನ್ನು ಕರೆದುಕೊಂಡು ಹೋಗಲು ನಾನು ತಯಾರಿದ್ದೇನೆ, ಮೇ ತಿಂಗಳ ಬಿಸಿಲಾದರೂ ಸರಿ.